ತಂಡಕ್ಕಾಗಿ ಒಂದು ಪೆಟ್ಟು

ಒಹಾಯೊದ ನಮ್ಮ ಟೊಮ್ಯಾಟೊ ಕಾರ್ಖಾನೆಯಲ್ಲಿ ಲೊರೇನ್ ಪಿಟ್ಮನ್ ಇಪ್ಪತ್ತೆರಡು ವರ್ಷ ಡಬ್ಬಿಗೆ ಮುಚ್ಚಳ ಒತ್ತಿದಳು. ಒಂದು ದಿನ ತಡವಾಗಿ ಬಂದವಳಲ್ಲ, ಒಂದು ಮಾತು ನುಂಗಿಕೊಂಡವಳೂ ಅಲ್ಲ. ಕಳೆದ ಆಗಸ್ಟಿನಲ್ಲಿ ಆ ಹಾಳು ಯಂತ್ರ ಅವಳ ಬಲಗೈ ತೋರುಬೆರಳಿನ ತುದಿಯನ್ನೇ ಕತ್ತರಿಸಿತು. ಅದರ ಕಾವಲು ತಗಡು ಕಳಚಿ ಬಿದ್ದು ತಿಂಗಳಾಗಿತ್ತು. ಮೂರು ಸಲ ಹೇಳಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಬಾಗಿಲ ಬಳಿ ನಮ್ಮದೊಂದು ಬೋರ್ಡಿದೆ: ಅಪಘಾತವಿಲ್ಲದ ದಿನಗಳು. ಅವತ್ತಿಗೆ ಇನ್ನೂರ ತೊಂಬತ್ತಾರು. ಮುನ್ನೂರಾದರೆ ಎಲ್ಲರಿಗೂ ಸಂಬಳಸಹಿತ ಎರಡು ದಿನ ರಜೆ. ಆಸ್ಪತ್ರೆಯಿಂದ ಬಂದ ಲೊರೇನಳ ಮುಂದೆ ಸೂಪರ್‌ವೈಸರ್ ಕ್ರೇಗ್ ಒಂದು ಹೇಳಿಕೆ ಇಟ್ಟ. ಬೆರಳು ಹೋದದ್ದು ಮನೆಯಲ್ಲಿ, ಹುಲ್ಲು ಕತ್ತರಿಸುವಾಗ, ಎಂದು ಬರೆದಿತ್ತು. ಸಹಿಯೊಂದೇ ಬಾಕಿ.

"ತಂಡಕ್ಕಾಗಿ ಒಂದು ಪೆಟ್ಟು ತಿನ್ನು, ಲೊರೇನ್," ಎಂದ.

ಆ ಮಾತು ಕೇಳಿದರೆ ಮೈ ಉರಿಯುತ್ತದೆ! ಬೇಸ್‌ಬಾಲ್ ಮೈದಾನದ ಮಾತದು. ಅಲ್ಲಿ ರನ್ ಆಗಬೇಕಾದರೆ ನಾಲ್ಕು ಬೇಸ್, ಅಂದರೆ ನಾಲ್ಕು ಗುರುತು, ಮುಟ್ಟಿ ಬರಬೇಕು. ತಂಡಕ್ಕೆ ರನ್ ಬೇಕಾದಾಗ ಬ್ಯಾಟ್ ಹಿಡಿದವನು ಬರುವ ಚೆಂಡಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಈಗ ಎಲ್ಲದಕ್ಕೂ ಅದೇ ಮಾತು: ಭಾನುವಾರ ಕೆಲಸಕ್ಕೆ ಬಾ, ತಪ್ಪು ನಿನ್ನ ಮೇಲೆ ಹಾಕಿಕೊ, ಬಾಯಿ ಮುಚ್ಚಿಕೊ. ಹೇಳುವವನ ಮೈಗೆ ಮಾತ್ರ ಚೆಂಡು ಎಂದೂ ತಾಗುವುದಿಲ್ಲ.

ಲೊರೇನ್ ಹರೆಯದಲ್ಲಿ ಆ ಆಟ ಆಡಿದವಳು. ಬ್ಯಾಂಡೇಜಿನ ಕೈಯನ್ನು ಮೇಜಿನ ಮೇಲಿಟ್ಟಳು. "ಚೆಂಡು ತಿಂದವಳಿಗೆ ಓಡದೇನೇ ಮೊದಲನೇ ಬೇಸ್ ಬಿಟ್ಟುಕೊಡ್ತಾರೆ ಕಣೋ ಕ್ರೇಗ್. ನೀನು ನಂಗೇನು ಬಿಟ್ಟುಕೊಡ್ತೀಯ?"

"ಎಲ್ಲಾರ ರಜಾನೂ ಹಾಳಾಗುತ್ತೆ, ಯೋಚ್ನೆ ಮಾಡು."

"ಹಾಳಾಗಿ ಹೋಗ್ಲಿ ನಿನ್ನ ರಜಾ! ಬೆರಳು ನಂದು."

ನಾನು ಬಾಗಿಲಲ್ಲೇ ನಿಂತಿದ್ದೆ. ಹದಿನೈದು ವರ್ಷ ಅವಳ ಪಕ್ಕದಲ್ಲಿ ದುಡಿದವನು. ನನ್ನ ಬಾಯಿಂದ ಬಂದದ್ದೇನು ಗೊತ್ತೆ? "ಒಂದು ಸಹಿ ತಾನೆ, ಹಾಕಿಬಿಡು ಲೊರೇನ್."

"ಥೂ, ನಾಚ್ಕೆ ಆಗಲ್ವೇನೋ ಡೆಲ್ ನಿಂಗೆ!"

ಆ ಹೇಳಿಕೆಯನ್ನು ಹರಿದು, ಬೇರೆ ಹಾಳೆ ತರಿಸಿ, ಎಡಗೈಯಲ್ಲಿ ಸೊಟ್ಟಸೊಟ್ಟಗೆ ನಡೆದದ್ದನ್ನು ನಡೆದ ಹಾಗೆ ಬರೆದಳು.

ಮರುದಿನ ಬೋರ್ಡಿನಲ್ಲಿ ಸೊನ್ನೆ. ಊಟದ ಹೊತ್ತಿಗೆ ಅವಳ ಮೇಜಿಗೆ ಒಂದು ನರಪಿಳ್ಳೆಯೂ ಹೋಗಲಿಲ್ಲ. 'ಮನೆಮುರುಕಿ' ಎಂದು ಯಾರೋ ಅವಳ ಕಪಾಟಿನ ಮೇಲೆ ಗೀಚಿದರು. ಎರಡು ವಾರಕ್ಕೆ ತನಿಖೆಯವರು ಬಂದರು, ಯಂತ್ರಕ್ಕೆ ಹೊಸ ತಗಡು ಬಂತು. ಅವಳನ್ನು ಲೇಬಲ್ ಅಂಟಿಸುವ ಕಡೆಗೆ ತಳ್ಳಿ, ಅವಳ ಯಂತ್ರದ ಮುಂದೆ ನನ್ನನ್ನು ನಿಲ್ಲಿಸಿದರು.

ಮೊನ್ನೆ ನನ್ನ ಕೈ ಜಾರಿತು. ಬೆರಳು ಆ ತಗಡಿಗೆ ಬಡಿದು ನಿಂತಿತು. ಉಗುರು ಕಪ್ಪಾಯಿತು, ಅಷ್ಟೆ. ಊಟಕ್ಕೆ ಹೋದಾಗ ಲೊರೇನ್ ಎಂದಿನಂತೆ ಒಬ್ಬಳೇ ಕೂತಿದ್ದಳು. ನಾನು ಹೋಗಿ ಉಳಿದವರ ಜೊತೆ ಕೂತೆ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!