ಟೆಂಪ್ ಫೋಲ್ಡರ್‌ನಲ್ಲಿ ಸಿಕ್ಕ ಆರತಿ ಹಾಡು

ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಕಾನ್ವೆಂಟ್‌ನಲ್ಲಿ ಓದಿ, ಹಾಸನದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು. ಯಾರಾದರೂ ದೆವ್ವದ ಮಾತೆತ್ತಿದರೆ "ನಾನ್‌ಸೆನ್ಸ್" ಎಂದು ಎದ್ದುಬಿಡುತ್ತಿದ್ದೆ. ಇದು ದೆವ್ವದ ಕತೆಯೂ ಅಲ್ಲ. ಏನೆಂದು ನನಗೇ ಗೊತ್ತಿಲ್ಲ.

ಎರಡು ಸಾವಿರದ ಒಂಬತ್ತಿರಬೇಕು. ರುದ್ರಪಟ್ಟಣದಲ್ಲಿದ್ದ ನನ್ನ ಅತ್ತಿಗೆಗೆ ಸೋಮವಾರ ಗಂಟಲಿನ ಆಪರೇಷನ್ ಎಂದು ಗೊತ್ತಾಯಿತು. ಆಮೇಲೆ ಸ್ವರ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಮ್ಮಮ್ಮನ ಹಾಡುಗಳೆಲ್ಲ ಉಳಿದಿದ್ದದ್ದು ಆ ಸೊಸೆಯ ಬಾಯಲ್ಲಿ ಮಾತ್ರ. ಮಗಳಾದ ನಾನು ಒಂದನ್ನೂ ಕಲಿಯಲಿಲ್ಲ. ರಿಟೈರ್‌ಮೆಂಟ್‌ಗೆ ಉಡುಗೊರೆ ಬಂದಿದ್ದ ಪುಟ್ಟ ಲ್ಯಾಪ್‌ಟಾಪ್ ಹಿಡಿದು ಹೋದೆ.

ಅದರಲ್ಲಿ ಜಾಗ ಬಹಳ ಕಡಿಮೆ. ರೆಕಾರ್ಡ್ ಮಾಡಿದ್ದು ಸೇವ್ ಆಗುವ ತನಕ ಟೆಂಪ್ ಫೋಲ್ಡರ್‌ನಲ್ಲಿ ಗುಡ್ಡೆ ಬೀಳುತ್ತಿತ್ತು. ಒಂದು ಹಾಡು ಸೇವ್ ಮಾಡುವುದು, ಟೆಂಪ್ ಗುಡಿಸುವುದು, ಮುಂದಿನ ಹಾಡು. ಹೀಗೆ ಮೂರು ದಿನ. ಶನಿವಾರ ಮಧ್ಯಾಹ್ನ ಕೊನೆಯದಾದ ಆರತಿ ಹಾಡು ಮುಗಿಯುತ್ತಲೇ "ಡಿಸ್ಕ್ ಫುಲ್" ಎಂದಿತು. ಗಾಬರಿಯಲ್ಲಿ, ಸೇವ್ ಮಾಡುವ ಮೊದಲೇ, ಟೆಂಪ್ ಪೂರ್ತಿ ಅಳಿಸಿಬಿಟ್ಟೆ. ಅದೂ ರೀಸೈಕಲ್ ಬಿನ್‌ಗೂ ಹೋಗದ ಹಾಗೆ, ಶಿಫ್ಟ್ ಒತ್ತಿ.

"ಇನ್ನೊಂದ್ಸಲ ಹೇಳಿ ಅತ್ತಿಗೆ," ಎಂದೆ.

"ಆರತಿ ಆದ್ಮೇಲೆ ಮತ್ತೆ ಹಾಡ್ತಾರೇನೇ? ನಿಮ್ ಕಾನ್ವೆಂಟಲ್ಲಿ ಪ್ರೇಯರ್ ಎರಡೆರಡು ಸಲ ಮಾಡಿಸ್ತಿದ್ರಾ? ನಾಳೆ ಹೇಳ್ತೀನಿ ಬಿಡು," ಎಂದು ನಕ್ಕರು.

ಭಾನುವಾರ ಅವರಿಗೆ ಸ್ವರವೇ ಏಳಲಿಲ್ಲ. ಸೋಮವಾರ ಆಪರೇಷನ್ ಆಯಿತು. ನಾನು ಅಳಲಿಲ್ಲ. ಆಸ್ಪತ್ರೆಯ ಕ್ಯಾಂಟೀನ್‌ನಲ್ಲಿ ಇಡ್ಲಿ ತಿಂದೆ, ರುಚಿ ಗೊತ್ತಾಗಲಿಲ್ಲ.

ತಿಂಗಳಾದ ಮೇಲೆ ಒಂದು ಬೆಳಗ್ಗೆ, ಹಾಸನದ ಮನೆಯಲ್ಲಿ, ಜಾಗವಿಲ್ಲವೆಂದು ಲ್ಯಾಪ್‌ಟಾಪ್ ಮತ್ತೆ ಗೊಣಗಿತು. ಟೆಂಪ್ ತೆರೆದರೆ ಒಂದೇ ಒಂದು ಫೈಲ್. ಹಾಕಿ ಕೇಳಿದೆ. ಅದೇ ಆರತಿ ಹಾಡು, ಅತ್ತಿಗೆಯದೇ ಕಂಠ. ಹೇಗೋ ಉಳಿದುಕೊಂಡಿರಬೇಕು ಎಂದುಕೊಂಡು ರುದ್ರಪಟ್ಟಣಕ್ಕೆ ಬಸ್ ಹತ್ತಿದೆ.

ಅತ್ತಿಗೆ ಕಣ್ಣು ಮುಚ್ಚಿ ಕೇಳುತ್ತಿದ್ದವರು ಕೊನೆಯ ಹೊತ್ತಿಗೆ ಥಟ್ಟನೆ ಕಣ್ಣು ತೆರೆದರು. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದರು: "ನಾನು ಅವತ್ತು ಹೇಳಿದ್ದು ಮೂರೇ ನುಡಿ. ನಾಲ್ಕನೇದು ನಂಗೆ ಬರೋದೇ ಇಲ್ಲ ಕಣೇ. ಅತ್ತೆ ಹೇಳ್ಕೊಡೋಕ್ ಮುಂಚೆ ಹೋಗ್ಬಿಟ್ರು."

ಮತ್ತೆ ಹಾಕಿದೆ. ನಾಲ್ಕು ನುಡಿ. ನಾಲ್ಕಕ್ಕೂ ಅತ್ತಿಗೆಯದೇ ದನಿ.

"ಅಳಿಸ್ಬಿಡ್ಲಾ?" ಎಂದೆ.

"ಅಳ್ಸೋದ್ರಲ್ಲಿ ನೀನು ಎತ್ತಿದ ಕೈ. ಮೊದ್ಲು ಸೇವ್ ಮಾಡು," ಎಂದು ಬರೆದರು.

ಕಂಪ್ಯೂಟರ್ ಬಲ್ಲವರನ್ನು ಕೇಳಿದೆ. ಡಿಲೀಟ್ ಆದದ್ದು ವಾಪಸ್ ಬರುವುದುಂಟು ಮೇಡಂ, ಹಾಡದೇ ಇದ್ದದ್ದು ಹೇಗೆ ಬರುತ್ತೆ ಎಂದರು.

ಆ ಫೈಲ್ ಕೇಳಿಯೇ ಅಣ್ಣನ ಮೊಮ್ಮಗಳು ಹಾಡು ಕಲಿತಳು. ಈಚೆಗೊಂದು ಮದುವೆಯಲ್ಲಿ ನಾಲ್ಕೂ ನುಡಿ ಹಾಡಿದಳು. "ಕೊನೇ ನುಡಿ ನಾವು ಕೇಳೇ ಇರಲಿಲ್ವಲ್ಲೇ, ಯಾರು ಹೇಳ್ಕೊಟ್ರು?" ಎಂದು ಹಿರಿಯರೊಬ್ಬರು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಅತ್ತಿಗೆಯ ಮುಖ ನೋಡಿದೆ.