ದೆವ್ವ ಬರುವ ಮುಂಚಿನ ಪುಟಗಳು

ಅತ್ತೆಗೆ ಕಣ್ಣಿನ ಪೊರೆ ಬಂದು ಅಕ್ಷರ ಕಾಣದಂತಾದ ಮೇಲೆ ವಾರಪತ್ರಿಕೆಯ ದೆವ್ವದ ಧಾರಾವಾಹಿಯನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ತೊಂಬತ್ತರ ದಶಕದ ಮಾತು. ಚಾಮರಾಜಪೇಟೆಯ ಆ ಮನೆಯ ಒಬ್ಬನೇ ಮಗನಿಗೆ ನಾನು ಎರಡನೆಯ ಹೆಂಡತಿ. ಮೊದಲನೆಯವಳು ಬಸುರಿಯಾಗಿದ್ದಾಗಲೇ ಜ್ವರ ಬಂದು ತೀರಿಕೊಂಡಿದ್ದಳು. ನಡುಮನೆಯಲ್ಲಿ ಅವಳ ಫೋಟೋ ಇತ್ತು. ನಾನು ತ್ಯಾಗರಾಜನಗರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಆ ನೌಕರಿ ಬಿಡಿಸಬೇಕೆಂದು ಅತ್ತೆಯದು ಒಳಗೊಳಗಿನ ಹಟ, ಸತ್ತರೂ ಬಿಡುವುದಿಲ್ಲವೆಂದು ನನ್ನದು. ಬಾಯಿಬಿಟ್ಟು ಜಗಳವಾಡಿದ್ದರೆ ನಾನೇ ಗೆಲ್ಲುತ್ತಿದ್ದೆ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಓದು. ಕಥೆಯಲ್ಲಿ ದೆವ್ವ ಕಾಣಿಸಿಕೊಂಡ ಕೂಡಲೇ ಅತ್ತೆಗೆ ಆಕಳಿಕೆ.

“ಅದು ಬಂದ್ಮೇಲೆ ಇನ್ನೇನಿದೆ ಕಣೇ? ಮಂತ್ರವಾದಿ ಬರ್ತಾನೆ, ಓಡಿಸ್ತಾನೆ. ಮೊದಲ್ನೇ ಕಂತು ಇನ್ನೊಂದ್ಸಲ ಓದು.”

ಮೊದಲನೇ ಕಂತಿನಲ್ಲಿ ಏನೂ ಆಗಿರಲಿಲ್ಲ. ಬಾಡಿಗೆಗೆ ಬಂದ ಹೊಸಬಳು ಹಾಲು ಉಕ್ಕಿಸುತ್ತಾಳೆ. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವಳು ಹಿತ್ತಲ ಬಾಗಿಲ ಕಡೆ ನೋಡಿ ಮಾತು ನಿಲ್ಲಿಸುತ್ತಾಳೆ. ಅಷ್ಟೇ. ಮಿಕ್ಕಿದ್ದನ್ನು ಓದುವವರೇ ತುಂಬಿಕೊಂಡು ಬೆವರಬೇಕು. ಅತ್ತೆ ಆ ವಿದ್ಯೆಯನ್ನು ಅರೆದು ಕುಡಿದಿದ್ದರು.

ನಾನು ಐದು ತಿಂಗಳ ಬಸುರಿಯಾದಾಗ ಅದು ನನ್ನ ಮೇಲೂ ಶುರುವಾಯಿತು. ನಾನು ಚಪ್ಪಲಿ ಮೆಟ್ಟುತ್ತಿದ್ದರೆ ಅತ್ತೆ ಫೋಟೋದ ಕಡೆ ತಿರುಗಿ, “ಅವಳೂ ಹೀಗೇ ಆತುರಾತುರವಾಗಿ...” ಎಂದು ನಿಲ್ಲಿಸುವರು.

“ಏನಮ್ಮಾ?”

“ಏನಿಲ್ಲ, ಹೊರಡು. ಬಸ್ ತಪ್ಪತ್ತೆ.”

ಹಾಳು ಮುದುಕಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಬಸ್ ಹತ್ತುತ್ತಿದ್ದೆ.

ಎರಡನೆಯವಳಾಗಿ ಬಂದವಳು ಹೊಸ ಸೀರೆಯನ್ನು ಮೊದಲು, ತೀರಿಹೋದ ಮುತ್ತೈದೆಯ ಫೋಟೋದ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಉಡಬೇಕು. ಶಾಲೆಯ ವಾರ್ಷಿಕೋತ್ಸವದ ದಿನ ಗಡಿಬಿಡಿಯಲ್ಲಿ ಮರೆತು, ಹಾಗೇ ಉಟ್ಟು ಹೋಗಿಬಿಟ್ಟೆ. ಸಂಜೆ ಮರಳಿದಾಗ ಅತ್ತೆ ಸೆರಗನ್ನು ಬೆರಳಲ್ಲಿ ಸವರಿ, “ಹೊಸದಾ?” ಎಂದರು. ಬೈಗುಳಕ್ಕೆ ಕಾದು ನಿಂತೆ. ಅವರು ಫೋಟೋದ ಮುಂದಿನ ದೀಪಕ್ಕೆ ಎಣ್ಣೆ ಹಾಕಿ, “ಕೈಕಾಲ್ ತೊಳ್ಕೊಂಡ್ ಬಾ, ಊಟ ಮಾಡು” ಎಂದರು. ಅಷ್ಟು ಪ್ರೀತಿಯಿಂದ ಅವರು ನನ್ನನ್ನು ಎಂದೂ ಕರೆದಿರಲಿಲ್ಲ.

ಆಮೇಲೆ ಮಗು ಒಂದು ಗಳಿಗೆ ಅಲುಗದಿದ್ದರೂ ಜೀವ ಬಾಯಿಗೆ ಬರುತ್ತಿತ್ತು. ಮೂಢನಂಬಿಕೆ ಬಿಡಿ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ಪಾಠದ ನಡುವೆಯೇ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಎಲ್ಲ ಸರಿಯಿದೆ ಎಂದರು ಡಾಕ್ಟರು. ನಂಬಲಿಲ್ಲ. ಮುಂದಿನ ಸೋಮವಾರವೇ ರಾಜೀನಾಮೆ ಕೊಟ್ಟುಬಂದೆ.

ಹೆರಿಗೆ ಸಲೀಸಾಗಿ ಆಯಿತು. ನಾಮಕರಣಕ್ಕೆ ಬಂದ ನನ್ನ ಅಮ್ಮ ತಡೆಯಲಾರದೆ, “ಅಂಥಾ ಒಳ್ಳೇ ಕೆಲ್ಸ ಬಿಡಿಸ್ಬಿಟ್ರಲ್ಲಾ” ಎಂದು ಅತ್ತೆಯನ್ನು ಎಲ್ಲರೆದುರೇ ಕೇಳಿಬಿಟ್ಟಳು.

ಅತ್ತೆ ತೊಡೆಯ ಮೇಲಿನ ಮಗುವನ್ನು ತಟ್ಟುತ್ತ, “ನಾನಾ? ನಿಮ್ಮ ಮಗಳನ್ನೇ ಕೇಳಿ. ಕೆಲ್ಸ ಬಿಡು ಅಂತ ಆ ದಿನಗಳಲ್ಲಿ ಒಂದೇ ಒಂದ್ ಮಾತು ಅಂದಿದೀನಾ?” ಎಂದರು.

ಎಲ್ಲರೂ ನನ್ನ ಮುಖ ನೋಡಿದರು. ಎಷ್ಟು ತಡಕಿದರೂ ಎತ್ತಿ ತೋರಿಸಲು ಒಂದು ಮಾತೂ ಸಿಗಲಿಲ್ಲ. “ಇಲ್ಲ” ಎಂದೆ.