ಡಾರ್ಲಾಳ ಅಡುಗೆಮನೆಯಲ್ಲಿ ಕೊಟ್ಟ ಮಾತು

ರೋಂಡಾ ಬ್ರೆಕೆಯ ಕೆಲಸ ಅರ್ಧ ನಡೆಯುತ್ತಿದ್ದುದು ಬಾಸ್ಕೆಟ್‌ಬಾಲ್ ಅಂಗಳದಲ್ಲಿ, ಇನ್ನರ್ಧ ಬೇರೆಯವರ ಅಡುಗೆಮನೆಗಳಲ್ಲಿ. ಇಪ್ಪತ್ಮೂರು ವರ್ಷಗಳಲ್ಲಿ ಏಳು ಕಾಲೇಜುಗಳ ಹೆಣ್ಣುಮಕ್ಕಳ ತಂಡಗಳಿಗೆ ಅವಳು ಸಹಾಯಕ ಕೋಚ್ ಆಗಿದ್ದಳು. ಪ್ರೌಢಶಾಲೆಯ ಒಳ್ಳೆಯ ಆಟಗಾರ್ತಿಯನ್ನು ಗುರುತಿಸಿ, ಆ ಹುಡುಗಿಯ ತಾಯಿ ಬಡಿಸಿದ್ದನ್ನು ಉಂಡು, ಮಗಳನ್ನು ತನ್ನ ಕಾಲೇಜಿಗೆ ಒಪ್ಪಿಸಿಕೊಂಡು ಬರುವುದರಲ್ಲಿ ಅವಳದು ಎತ್ತಿದ ಕೈ. ತಾಯಂದಿರು ಮಾತಾಡುವಾಗ ಅವಳು ನಡುವೆ ಬಾಯಿ ಹಾಕುತ್ತಿರಲಿಲ್ಲ. ಗುಟ್ಟು ಅಷ್ಟೇ.

ಮೊದಲ ವರ್ಷ ಅವಳು ಮಾಡಿದ್ದು ಹದಿನಾಲ್ಕು ಹುಡುಗಿಯರ ಬೆವರಿನ ಬಟ್ಟೆ ಒಗೆಯುವ ಕೆಲಸ. ಆಮೇಲೆ ಎದುರಾಳಿಗಳ ಆಟದ ವಿಡಿಯೋ ನೋಡಿ ಯಾರು ಎಡಗೈಯಲ್ಲಿ ಚೆಂಡು ಪುಟಿಸುತ್ತ ಓಡುತ್ತಾರೆ, ಯಾರು ದಣಿದಾಗ ಚೆಂಡು ಕೈಬಿಡುತ್ತಾರೆ ಎಂದು ಬರೆದುಕೊಡುವ ಕೆಲಸ. ಜುಲೈ ತಿಂಗಳೆಲ್ಲ ಯಾವುದೋ ಊರಿನ ಒಳಾಂಗಣದಲ್ಲಿ, ಕಾಲೇಜಿನ ಗುರುತಿನ ಅಂಗಿ ತೊಟ್ಟು, ಬೆಳಿಗ್ಗೆಯಿಂದ ಸಂಜೆಯವರೆಗೆ ಹುಡುಗಿಯರ ಆಟ ನೋಡುವುದು. ಹಾಗೊಂದು ಜುಲೈಯಲ್ಲಿ, ಅವಳು ಮೂರನೆಯ ಅಂಗಳದ ಪಕ್ಕದ ಹಲಗೆಯ ಮೇಲೆ ಕೂತಿದ್ದಾಗ, ಅವಳ ತಂದೆ ತೀರಿಕೊಂಡರು. ಫೋನು ಚೀಲದಲ್ಲಿತ್ತು. ಅಣ್ಣ ಆರು ಸಲ ಕರೆ ಮಾಡಿದ್ದ.

ಮದುವೆ ಆಗಬೇಕೆಂದುಕೊಂಡವನು ನಾಲ್ಕನೆಯ ಊರಿನಲ್ಲಿ ಉಳಿದುಕೊಂಡ. ಏಳನೆಯ ಊರು ದಕ್ಷಿಣ ಡಕೋಟಾದಲ್ಲಿ. ಅಲ್ಲಿನ ಬಾಡಿಗೆ ಮನೆಯಲ್ಲಿ, ಐದನೆಯ ಊರಿನಲ್ಲಿ ಕಟ್ಟಿದ ಪೆಟ್ಟಿಗೆಗಳು ಇನ್ನೂ ಬಿಚ್ಚದೆ ಕೂತಿದ್ದವು. ಅವಳಿಗೆ ಬೇಕಿದ್ದುದು ಒಂದೇ. ಒಂದು ತಂಡ ತನ್ನದು ಎನ್ನುವುದು. ಅಷ್ಟನ್ನು ದೇವರಲ್ಲಿ ಕೇಳಲೂ ಅವಳಿಗೆ ನಾಚಿಕೆ. ಕಾರಿನಲ್ಲಿ ಕಣ್ಣುಮುಚ್ಚಿ, "ನಿನಗೆ ಸರಿ ಅನಿಸಿದರೆ" ಎಂದಷ್ಟೇ ಹೇಳಿ ಇಳಿಯುತ್ತಿದ್ದಳು.

ಮುಖ್ಯ ಕೋಚ್ ಡೆನ್ನಿಸ್ ಪ್ರಾಟ್ ಅವಳಿಗೆ ಮೊದಲ ದಿನವೇ ಒಂದು ಬುದ್ಧಿಮಾತು ಹೇಳಿದ್ದ.

"ನೋಡು ರೋಂಡಾ, ಅಮ್ಮಂದಿರ ಮುಂದೆ ಕೂತಾಗ ಕಾಲೇಜು ಅನ್ನು, ತಂಡ ಅನ್ನು, ಬೇಕಾದ್ರೆ ದೇವರು ಅನ್ನು. ನಾನು ಅಂತ ಮಾತ್ರ ಅನ್ಬೇಡ. ನಮ್ಮಂಥೋರ ಕುರ್ಚಿ ಕೆಳಗೆ ಚಕ್ರ ಇರ್ತವೆ, ಯಾವತ್ತು ಉರುಳುತ್ತೋ ಗೊತ್ತಿಲ್ಲ."

"ಇಪ್ಪತ್ತು ವರ್ಷ ಆಯ್ತು ಡೆನ್ನಿಸ್, ನಂಗೇ ಪಾಠಾನಾ?"

"ಇಪ್ಪತ್ತು ವರ್ಷದೋರೇ ಜಾರೋದು."

ಅವಳು ಜಾರಿದ್ದು ಡಾರ್ಲಾ ಲುಂಡೀನಳ ಅಡುಗೆಮನೆಯಲ್ಲಿ. ಡಾರ್ಲಾ ಊರಿನ ಶಾಲೆಯಲ್ಲಿ ಮಕ್ಕಳಿಗೆ ಊಟ ಬೇಯಿಸುವವಳು. ಗಂಡ ವರ್ನ್‌ಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು. ಕಿಟಕಿಯ ಪಕ್ಕದ ಕುರ್ಚಿಯಿಂದ ಜೋಳದ ಹೊಲ ನೋಡುತ್ತ ಕೂತಿರುತ್ತಿದ್ದ. ಒಬ್ಬಳೇ ಮಗಳು ಬ್ರಿಟಾ. ಚೆಂಡು ಕೈಗೆ ಬಂದರೆ ಇಡೀ ಅಂಗಳ ಅವಳಿಗೆ ನಿಧಾನವಾಗಿ ಕಾಣುತ್ತದೇನೋ ಎನ್ನುವಂಥ ಆಟಗಾರ್ತಿ. ದೊಡ್ಡ ಊರಿನ ಕಾಲೇಜುಗಳೂ ಅವಳ ಮೇಲೆ ಕಣ್ಣಿಟ್ಟಿದ್ದವು.

ಅವತ್ತು ಡಾರ್ಲಾ ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಹಾಟ್‌ಡಿಶ್ ಬಡಿಸಿ ಕೇಳಿದಳು.

"ನಿಮ್ಮ ಆಟ ಗೀಟ ನಂಗೆ ಗೊತ್ತಾಗಲ್ಲ. ಇವಳು ನರ್ಸ್ ಆಗ್ಬೇಕು. ಭಾನುವಾರ ಮನೆಗೆ ಬರ್ಬೇಕು, ಅವಳಪ್ಪ ಕಾಯ್ತಾರೆ. ಆದ್ರೆ ಅಲ್ಲಿ ಇವಳನ್ನ ಯಾರು ನೋಡ್ಕೋತಾರೆ?"

ಕಿಟಕಿಯ ಹತ್ತಿರ ವರ್ನ್ ತಲೆ ತಿರುಗಿಸಿ ನೋಡಿದ. ತನ್ನ ತಂದೆಯ ನೆನಪಾಯಿತೋ ಏನೋ, ರೋಂಡಾಳ ಬಾಯಿಂದ ಮಾತು ಬಂದೇಬಿಟ್ಟಿತು.

"ನಾನು ನೋಡ್ಕೋತೀನಿ. ಓದು ಮುಗಿಯೋವರೆಗೂ ನಾನಿರ್ತೀನಿ."

"ಹಾಗಾದ್ರೆ ಆಯ್ತು," ಎಂದಳು ಡಾರ್ಲಾ, ಇನ್ನೊಂದು ಸೌಟು ಬಡಿಸುತ್ತ.

ಬ್ರಿಟಾ ಕಾಲೇಜು ಸೇರಿದ ಎರಡನೆಯ ವರ್ಷದ ಜನವರಿಯಲ್ಲಿ, ಸೋಲಿನ ಮೇಲೆ ಸೋಲು ಬಂದು, ಕಾಲೇಜು ಡೆನ್ನಿಸ್‌ನನ್ನು ಕಳಿಸಿತು. ಉಳಿದ ಹನ್ನೊಂದು ಪಂದ್ಯಗಳಿಗೆ ರೋಂಡಾಳೇ ತಾತ್ಕಾಲಿಕ ಮುಖ್ಯ ಕೋಚ್. ಏಳು ಗೆದ್ದಳು. ಆ ಆರು ವಾರ ಅವಳು ಬೆಂಚಿನ ತುದಿಯ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಇದ್ದಳು. ಹುಡುಗಿಯರು ಅವಳ ಕಣ್ಣು ನೋಡಿ ಓಡುತ್ತಿದ್ದರು. ಮನೆಯಲ್ಲಿ ಎರಡು ಪೆಟ್ಟಿಗೆ ಬಿಚ್ಚಿದಳು.

ಮಾರ್ಚ್ ತಿಂಗಳಲ್ಲಿ ಮುಖ್ಯ ಕೋಚ್‌ನ ಖಾಯಂ ಹುದ್ದೆಗೆ ಸಂದರ್ಶನ ನಡೆಯಿತು. ಕ್ರೀಡಾ ವಿಭಾಗದ ಮುಖ್ಯಸ್ಥ ಕಾಗದ ತಿರುವಿಹಾಕಿ, "ನಿಮಗೆ ಮುಖ್ಯ ಕೋಚ್ ಆಗಿ ಅನುಭವ ಇಲ್ಲವಲ್ಲ," ಎಂದ. "ಕೊಟ್ಟರೆ ತಾನೆ ಬರೋದು," ಎಂದಳು ಅವಳು. ಅವನು ನಕ್ಕ. ಅವನೇನೂ ಕೆಟ್ಟವನಲ್ಲ. ಮುಂದಿನ ವಾರ ಮೂವತ್ತಮೂರು ವರ್ಷದ ಒಬ್ಬಳನ್ನು ನೇಮಿಸಿದರು. ಹೊಸ ಕೋಚ್ ತನ್ನವರನ್ನೇ ಕರೆತಂದಳು. ಈ ಕಸುಬಿನಲ್ಲಿ ಅದು ತಪ್ಪಲ್ಲ, ವಾಡಿಕೆ. ತಲೆ ಹೋದರೆ ಅದರ ಜೊತೆಗೆ ಕೈಕಾಲೂ ಹೋಗಬೇಕು. ರೋಂಡಾಳಿಗೆ ಜೂನ್ ಕೊನೆಯವರೆಗೆ ಗಡುವು.

ಏಪ್ರಿಲ್‌ನಲ್ಲಿ ಒಹಾಯೋದ ದೊಡ್ಡ ವಿಶ್ವವಿದ್ಯಾಲಯದಿಂದ ಪೆಗ್ ಡೋಲನ್ ಕರೆ ಮಾಡಿದಳು. ಮೂವತ್ತು ವರ್ಷದಿಂದ ಅಲ್ಲಿನ ಮುಖ್ಯ ಕೋಚ್ ಅವಳು.

"ರೋಂಡಾ, ಜಾಗ ಇದೆ ಕಣೇ. ಎರಡು ವರ್ಷಕ್ಕೆ ನಾನು ನಿಲ್ಲಿಸ್ತೀನಿ. ಆಮೇಲೆ ಆ ಕುರ್ಚಿಗೆ ನಿನ್ನ ಹೆಸರು ನಾನೇ ಹೇಳ್ತೀನಿ. ಆದ್ರೆ ಬರಿಗೈಲಿ ಬಂದ್ರೆ ಮೇಲಿನೋರಿಗೆ ಏನಂತ ಹೇಳ್ಲಿ? ಆ ಲುಂಡೀನ್ ಹುಡುಗಿ ನಿನ್ ಮಾತು ಕೇಳ್ತಾಳಂತಲ್ಲ."

"ಅವಳು ನರ್ಸಿಂಗ್ ಓದ್ತಿದಾಳೆ ಪೆಗ್. ಬರೋ ವರ್ಷ ಆಸ್ಪತ್ರೆ ಕೆಲಸ ಕಲಿಯೋದು ಶುರು. ಅಲ್ಲಿಗೆ ಬಂದ್ರೆ ಮೊದಲಿಂದ ಓದ್ಬೇಕಾಗುತ್ತೆ."

"ಇನ್ನೇನಾದ್ರೂ ಓದ್ಲಿ ಬಿಡು. ಬೇರೆ ಕಾಲೇಜಿಗೆ ಹೋಗೋರ ಪಟ್ಟೀಲಿ ಹೆಸರು ಬರೋವರೆಗೆ ನಾನು ಅವಳ ಹತ್ರ ಮಾತಾಡೋ ಹಾಗಿಲ್ಲ, ನಿಯಮ. ನೀನು ಒಂದು ಮಾತು ಹಾಕು. ಶುಕ್ರವಾರದವರೆಗೆ ಕಾಯ್ತೀನಿ."

ಬ್ರಿಟಾ ರಜೆಗೆ ಮನೆಗೆ ಬಂದಿದ್ದರಿಂದ ಬುಧವಾರ ರೋಂಡಾ ಲುಂಡೀನರ ಮನೆಗೆ ಹೊರಟಳು. ಹೇಳಬೇಕಾದ ಮಾತನ್ನು ನಲವತ್ತು ಮೈಲಿಯೂ ಜೋಡಿಸಿದಳು. ಅಂಗಳದಲ್ಲಿ ಕಾರು ನಿಲ್ಲಿಸಿ ಕಣ್ಣು ಮುಚ್ಚಿದರೆ ಅವತ್ತು ಪ್ರಾರ್ಥನೆಗೆ ಬಾಯಿಯೇ ಬರಲಿಲ್ಲ.

ಕೆಲಸ ಹೋದದ್ದು ಡಾರ್ಲಾಳಿಗೆ ಮಗಳಿಂದ ತಿಳಿದಿತ್ತು. ಏನೂ ಕೇಳದೆ ತಟ್ಟೆ ಇಟ್ಟಳು. ಊಟದ ಮುಂಚಿನ ಪ್ರಾರ್ಥನೆಗೆ ನಾಲ್ವರೂ ಕೈ ಕೈ ಹಿಡಿದುಕೊಂಡರು. ವರ್ನ್‌ನ ಸೋತ ಕೈ ರೋಂಡಾಳ ಕೈಯಲ್ಲಿತ್ತು. ಡಾರ್ಲಾ ಅನ್ನಕ್ಕೆ, ಮಳೆಗೆ ದೇವರಿಗೆ ವಂದನೆ ಹೇಳಿ, ಕೊನೆಗೆ ಒಂದು ಮಾತು ಸೇರಿಸಿದಳು.

"ಅಪ್ಪಾ ದೇವರೇ, ಈ ರೋಂಡಾ ನಮ್ಮ ಮಗಳನ್ನ ತನ್ನ ಮಗಳ ಥರ ನೋಡ್ಕೊಂಡ್ಲು. ಅವಳನ್ನ ನೀನು ಕೈಬಿಡ್ಬೇಡ."

"ಆಮೆನ್" ಎನ್ನುವಷ್ಟರಲ್ಲಿ ಬ್ರಿಟಾ ತಲೆ ಎತ್ತಿದಳು.

"ಕೋಚ್, ನಾನೂ ಪಟ್ಟೀಲಿ ಹೆಸರು ಹಾಕ್ತೀನಿ. ನೀವು ಹೋಗೋ ಕಡೆ ಬರ್ತೀನಿ. ಓದು ಮುಗಿಯೋವರೆಗೂ ಇರ್ತೀನಿ ಅಂದಿದ್ರಿ ತಾನೆ?"

ಕೇಳಲು ಬಂದದ್ದು ಕೇಳದೆಯೇ ತಟ್ಟೆಗೆ ಬಂದಿತ್ತು. ಡಾರ್ಲಾಳ ಕೈಯ ಚಮಚ ಅಲ್ಲೇ ನಿಂತಿತು. "ನರ್ಸಿಂಗು?" ಎಂದಳು, ಬಹಳ ಮೆಲ್ಲಗೆ. ವರ್ನ್ ಮಗಳನ್ನೇ ನೋಡುತ್ತಿದ್ದ. ರೋಂಡಾಳ ಒಂದು 'ಹೂಂ' ಸಾಕಿತ್ತು. ಎರಡು ವರ್ಷ, ಆಮೇಲೆ ತನ್ನದೇ ತಂಡ.

"ನಂಗೆಲ್ಲೂ ಕೆಲಸ ಸಿಕ್ಕಿಲ್ಲ ಬ್ರಿಟಾ," ಎಂದಳು ರೋಂಡಾ. "ಯಾರೂ ಕರೆದಿಲ್ಲ. ನಾನು ಈ ಕೆಲಸಾನೇ ಬಿಟ್ಟೆ."

"ಬಿಟ್ಟೆ ಅಂದ್ರೆ? ನನ್ ಕಾಲು ಉಳುಕಿದಾಗ, ಬಿಡ್ತೀನಿ ಅಂತ ಅತ್ರೂ ನೀವು ಬಿಡೋಕೆ ಬಿಡ್ಲಿಲ್ಲ. ಮರೆತ್ರಾ?"

"ನೀನಿಲ್ಲೇ ಇರು. ಓದು ಮುಗ್ಸು."

"ಅಂದ್ರೆ ಅಮ್ಮನ ಮುಂದೆ ಹೇಳಿದ್ದು ಸುಳ್ಳು." ಬ್ರಿಟಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಹೋದಳು. ಮಹಡಿಯ ಬಾಗಿಲು ಬಡಿದ ಸದ್ದು ಕೇಳಿತು.

ಹೊರಡುವಾಗ ಡಾರ್ಲಾ ಉಳಿದದ್ದನ್ನೆಲ್ಲ ಅಗಲ ತಟ್ಟೆಯ ಸಮೇತ ಅವಳ ಕೈಗಿಟ್ಟಳು. ಚರ್ಚಿನ ಸಾಮೂಹಿಕ ಊಟಕ್ಕೆ ಒಯ್ಯುವ ತಟ್ಟೆ, ತಳಕ್ಕೆ 'ಡಾರ್ಲಾ ಎಲ್.' ಎಂದು ಬರೆದ ಪಟ್ಟಿ ಅಂಟಿಸಿತ್ತು. "ಮಕ್ಕಳು, ಸಿಟ್ಟು ಇಳಿಯುತ್ತೆ. ತಟ್ಟೆ ವಾಪಸ್ ಕೊಡೋ ನೆಪದಲ್ಲಾದ್ರೂ ಬನ್ನಿ."

ಶುಕ್ರವಾರ ಪೆಗ್‌ಗೆ ಇಲ್ಲ ಎಂದಳು. "ದಡ್ಡಿ ಕಣೇ ನೀನು," ಎಂದು ಪೆಗ್ ಫೋನಿಟ್ಟಳು. ರೋಂಡಾ ಇನ್ನೂ ಒಂಬತ್ತು ಕಡೆ ಬರೆದಳು. ಯಾರೂ ಕರೆಯಲಿಲ್ಲ. ಊಟದ ಮೇಜಿನಲ್ಲಿ ಹೇಳಿದ ಸುಳ್ಳು ಹೀಗೆ ನಿಜವಾಯಿತು. ಬೀಜ ಮಾರುವ ಕಂಪನಿಯ ಗೋದಾಮಿನಲ್ಲಿ ಮೂಟೆ ಕಳಿಸುವ ಕೆಲಸಕ್ಕೆ ಸೇರಿದಳು.

ನವೆಂಬರ್‌ನಲ್ಲಿ ಕಾಲೇಜಿನ ಪಂದ್ಯಕ್ಕೆ ಟಿಕೆಟ್ ಕೊಂಡು ಹೋಗಿ ಎಲ್ಲರಿಗಿಂತ ಮೇಲಿನ ಸಾಲಿನಲ್ಲಿ ಕೂತಳು. ಹೊಸ ಕೋಚ್ ತನ್ನ ಹಳೆಯ ಕಾಲೇಜಿನಿಂದ ಮೂವರು ಹುಡುಗಿಯರನ್ನು ಕರೆತಂದಿದ್ದಳು. ಬ್ರಿಟಾ ಬೆಂಚಿನ ತುದಿಯಲ್ಲಿದ್ದಳು. ಸೋಲು ಗೆಲುವು ತೀರ್ಮಾನವಾದ ಮೇಲೆ ಅವಳನ್ನು ಎರಡು ನಿಮಿಷ ಅಂಗಳಕ್ಕೆ ಇಳಿಸಿದರು. ಮುಂದಿನ ಪಂದ್ಯದಲ್ಲಿ ಅದೂ ಇಲ್ಲ. ಚಳಿಗಾಲವೆಲ್ಲ ರೋಂಡಾ ಹೋದಳು. ಹುಡುಗಿಯ ಭುಜ ವಾರ ವಾರಕ್ಕೂ ಇಳಿಯುತ್ತಿತ್ತು. ಇಳಿದು ಹೋಗಿ ಮಾತಾಡಿಸಲು ಇವಳಿಗೆ ಮುಖವಿರಲಿಲ್ಲ.

ಮಾರ್ಚ್ ಮುಗಿಯುವಾಗ ಡಾರ್ಲಾ ಫೋನು ಮಾಡಿದಳು.

"ಬರೋ ವರ್ಷ ಇವಳಿಗೆ ತಂಡದಲ್ಲಿ ಜಾಗ ಇಲ್ಲವಂತೆ. ಆಟಕ್ಕೆ ಅಂತ ಕೊಡ್ತಿದ್ದ ವಿದ್ಯಾರ್ಥಿವೇತನಾನೂ ಇಲ್ಲ. ಅದಿಲ್ದೆ ಓದಿಸೋದು ನಮ್ ಕೈಲಾಗಲ್ಲ. ಆ ಪಟ್ಟೀಲಿ ಹೆಸರು ಹಾಕಿ ಮೂರು ವಾರ ಆಯ್ತು, ಒಬ್ರೂ ಕೇಳಿಲ್ಲ. ನಿಮಗೆ ಫೋನ್ ಮಾಡ್ಬೇಡ ಅಂದ್ಲು. ನಾನೇ ಕದ್ದು ಮಾಡ್ತಿದೀನಿ."

"ನಾನು ನೋಡ್ತೀನಿ," ಎಂದಳು ರೋಂಡಾ. ಅಂದ ಮೇಲೆಯೇ ಅವಳಿಗೆ ತಾನು ಏನು ಅಂದೆನೆಂದು ತಿಳಿದದ್ದು.

ಇಪ್ಪತ್ಮೂರು ವರ್ಷದಲ್ಲಿ ಕೂಡಿಹಾಕಿದ ನಂಬರುಗಳಿಗೆಲ್ಲ ಕರೆ ಮಾಡಿದಳು. ಕಾಲೇಜಿನ ಅಂಗಿ ಇಲ್ಲದವಳ ಫೋನನ್ನು ಎತ್ತುವವರು ಕಡಿಮೆ. ಎತ್ತಿದವರೂ ಇಲ್ಲ ಎಂದರು. ಪೆಗ್ ಎತ್ತಿದಳು.

"ಹೋದ ವರ್ಷ ನಾನೇ ಬೇಡಿದ್ದೆ. ಈಗ ವರ್ಷವಿಡೀ ಬೆಂಚ್ ಕಾಯ್ದಿರೋ ಹುಡುಗೀನ ಯಾರ್ ತಗೋತಾರೆ ಹೇಳು?"

ಭಾನುವಾರ, ಒಂದು ವರ್ಷದಿಂದ ಮನೆಯಲ್ಲೇ ಇದ್ದ ತಟ್ಟೆಯನ್ನು ಮತ್ತೊಮ್ಮೆ ತೊಳೆದು, ಒರೆಸಿ, ಪಕ್ಕದ ಸೀಟಿನಲ್ಲಿಟ್ಟುಕೊಂಡು ರೋಂಡಾ ನಲವತ್ತು ಮೈಲಿ ಹೋದಳು. ಅಂಗಳದಲ್ಲಿ ಕಾರು ನಿಲ್ಲಿಸಿದಳು. ಕಿಟಕಿಯಲ್ಲಿ ವರ್ನ್ ಕಂಡ. ಮಹಡಿಯ ಪರದೆ ಎಳೆದಿತ್ತು. ಅವಳು ಬಾಗಿಲು ತಟ್ಟುವ ಮೊದಲೇ ಡಾರ್ಲಾ ತೆರೆದಳು.

"ಬನ್ನಿ ಒಳಗೆ, ಚಳೀಲಿ ಯಾಕೆ ನಿಂತಿದೀರಾ. ಏನಾದ್ರೂ ಗೊತ್ತಾಯ್ತಾ?"

ರೋಂಡಾ ಎರಡೂ ಕೈಯಿಂದ ಖಾಲಿ ತಟ್ಟೆಯನ್ನು ಮುಂದೆ ಹಿಡಿದಳು.